ಜನಗಣನೆ ಮತ್ತು ದಾರಿ: ಕಣಕುಂಬಿ ಸೀಮೆಯ ಹಳ್ಳಿಗಳು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಗೆ ಪಶ್ಚಿಮವಾಗಿ ಸುಮಾರು 16 ಕಿಲೋಮೀಟರು ದೂರದಲ್ಲಿರುವ ಕಣಕುಂಬಿಯು ಮಲಪ್ರಭಾ ನದಿಯ ಉಗಮಸ್ಥಾನವೆಂದು ಪ್ರಸಿದ್ಧವಾಗಿದೆ. ಇಲ್ಲಿ ಹುಟ್ಟಿದ ಹೊಳೆಯು ಖಾನಾಪುರವನ್ನು ಹಾದು, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಬಯಲುನಾಡಿನ ಹೊಲಗಳಿಗೂ ಹುಬ್ಬಳ್ಳಿ–ಧಾರವಾಡದ ಮನೆಗಳಿಗೂ ನೀರನ್ನಿತ್ತು, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯನ್ನು ಬಲ್ಲವರು ಅನೇಕರು. ನದೀಮೂಲದ ಸುತ್ತಣ ಹಳ್ಳಿಗಳ ಬದುಕನ್ನು ಬಲ್ಲವರು ವಿರಳ.

ಕಣಕುಂಬಿಯಾದರೋ ಬೆಳಗಾವಿಯಿಂದ ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಹೋಗುವ ಹೆದ್ದಾರಿಯ ಮೇಲಿದೆ. ಆದರೆ ಹೆದ್ದಾರಿಯನ್ನು ಬಿಟ್ಟು ಕಾಡಿನೊಳಗೆ ಹೊಕ್ಕರೆ ಸ್ಥಿತಿಯೇ ಬೇರೆ. ಆಮಗಾಂವ, ಗವಾಳಿ, ಕೊಂಗಳ, ತಳೇವಾಡಿ ಮೊದಲಾದವು ಕೆಲವೇ ಮನೆಗಳ ಊರುಗಳು. ಇವುಗಳ ಪಾಲಿಗೆ ಜನಸಂಖ್ಯೆಗೂ ದಾರಿಗೂ ಇರುವ ಸಂಬಂಧವು ಜೀವನ್ಮರಣದ ಪ್ರಶ್ನೆಯಾಗಿದೆ.

ಆ ಸಂಬಂಧವೆಂತಹುದು? 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಸರ್ವಋತು ರಸ್ತೆಗೆ ಅರ್ಹವಾದ ಜನವಸತಿಯನ್ನು ತಲೆಯೆಣಿಕೆಯಿಂದ ನಿರ್ಧರಿಸಿತು. ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನರಿರಬೇಕು. ಗುಡ್ಡಗಾಡು ರಾಜ್ಯಗಳು, ಮರುಭೂಮಿ ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿದ್ದರೆ ಸಾಕು. ಕರ್ನಾಟಕವು ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಆದುದರಿಂದ ಸಹ್ಯಾದ್ರಿಯ ನೆತ್ತಿಯ ಮೇಲಿನ ಹಳ್ಳಿಗೂ ಬಯಲುಸೀಮೆಯ ಅಳತೆಗೋಲೇ ಅನ್ವಯಿಸುವಂತಾಯಿತು. 2024ರಲ್ಲಿ ಮಂಜೂರಾದ ಇದೇ ಯೋಜನೆಯ ನಾಲ್ಕನೆಯ ಹಂತಕ್ಕೂ 2011ರ ಜನಗಣತಿಯೇ ಆಧಾರ. ತದನಂತರದ ಗಣತಿಗೆ 2027ರ ಮಾರ್ಚ್ 1 ಗಣನಾದಿನವೆಂದು ಗೊತ್ತಾಗಿದೆ.

2011ರ ತಲೆಯೆಣಿಕೆಯು ಫೆಬ್ರುವರಿ 9ರಿಂದ 28ರವರೆಗೆ ನಡೆಯಿತು. ಅದು ಹಳ್ಳಗಳು ಇಳಿದು ಕಾಲುದಾರಿಗಳು ಒಣಗಿರುವ ಕಾಲ. ಜನಗಣತಿಯ ಜಿಲ್ಲಾ ಕೈಪಿಡಿಯೂ ಊರಲ್ಲಿಲ್ಲದ ಸೌಕರ್ಯದ ದೂರವನ್ನು 5 ಕಿಲೋಮೀಟರಿಗಿಂತ ಕಡಿಮೆ, 5ರಿಂದ 10, ಹತ್ತಕ್ಕಿಂತ ಹೆಚ್ಚು ಎಂಬ ಮೂರೇ ವರ್ಗಗಳಲ್ಲಿ ತೋರಿಸುತ್ತದೆ. ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ದಾರಿ ಕಡಿದಾಗ ಐದು ಕಿಲೋಮೀಟರು ಐವತ್ತಾಗುವ ಸಂಗತಿಗೆ ಆ ಕೋಷ್ಟಕದಲ್ಲಿ ಸ್ಥಳವಿಲ್ಲ. 2024ರ ಜುಲೈ ತಿಂಗಳಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು, ಸುರಿಮಳೆಯಲ್ಲಿ ಕಾಡನ್ನು ದಾಟಿಸಿ ಆಂಬುಲೆನ್ಸಿಗೆ ತಲುಪಿಸಬೇಕಾಯಿತು.

ದಾರಿಯಿಲ್ಲದ ಊರಿನಿಂದ ತರುಣರು ಬೆಳಗಾವಿಗೋ ಗೋವೆಗೋ ದುಡಿಯಲು ತೆರಳುತ್ತಾರೆ. ಊರಿನ ಜನಸಂಖ್ಯೆ ಇಳಿಯುತ್ತದೆ. ಜನ ಇಳಿದಂತೆ ದಾರಿಯ ಹಕ್ಕೂ ಕ್ಷೀಣಿಸುತ್ತದೆ. ಹೀಗೆ ಕಾರಣವು ಕಾರ್ಯವಾಗಿ, ಕಾರ್ಯವು ಮರಳಿ ಕಾರಣವಾಗುವ ಚಕ್ರದಲ್ಲಿ ಈ ಹಳ್ಳಿಗಳು ಸಿಲುಕಿವೆ.

ಅರಣ್ಯಪಾಲಕರ ವಾದವನ್ನೂ ಅಲ್ಲಗಳೆಯಲಾಗದು. ಭೀಮಗಡವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅದರೊಳಗೆ ಡಾಂಬರು ರಸ್ತೆಗಳನ್ನು ಹರಡಿದರೆ ಕಾಡು ಒಡೆದು ಚೂರಾಗುತ್ತದೆ. ಕಾಡಳಿದರೆ ಹೊಳೆಯೂ ಅಳಿಯುತ್ತದೆ. ಸ್ವಇಚ್ಛೆಯಿಂದ ಹೊರಬರುವವರಿಗೆ ಪರಿಹಾರಧನ ನೀಡುವ ಏರ್ಪಾಡಿನಂತೆ ತಳೇವಾಡಿಯ ಕೆಲವು ಕುಟುಂಬಗಳು 2025ರಲ್ಲಿ ಸ್ಥಳಾಂತರಕ್ಕೆ ಒಪ್ಪಿದವು. ಆದರೆ ಸ್ವಇಚ್ಛೆಯೆಂಬ ಮಾತಿಗೆ ಅರ್ಥವಿರಬೇಕಾದರೆ, ಉಳಿಯಬಯಸುವವರಿಗೂ ಗಟ್ಟಿಯಾದ ಕಿರುಸೇತುವೆ, ಮಳೆಗಾಲಕ್ಕೆ ಮುಂಗಡ ಪಡಿತರ, ನಿಗದಿತ ದಿನಗಳಲ್ಲಿ ದಾದಿಯ ಭೇಟಿ, ಮಕ್ಕಳಿಗೆ ವಸತಿನಿಲಯ ಇವಿಷ್ಟಾದರೂ ದೊರೆಯಬೇಕು. ಇವುಗಳಲ್ಲಿ ಯಾವುದಕ್ಕೂ ಕಾಡನ್ನು ಸೀಳುವ ಹೆದ್ದಾರಿ ಬೇಕಿಲ್ಲ.

ಮಲಪ್ರಭೆಯ ನೀರನ್ನುಣ್ಣುವ ಬಯಲುನಾಡಿನವರು ಈ ಮಲೆನಾಡಿಗೆ ಋಣಿಗಳು. ಹಳ್ಳಿಯಲ್ಲಿ ಎಷ್ಟು ತಲೆಗಳಿವೆಯೆಂದು ಎಣಿಸುವುದರ ಜೊತೆಗೆ, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಕಡಿದಿರುತ್ತದೆಯೆಂಬುದನ್ನೂ ಎಣಿಸಲು ಆರಂಭಿಸಿದರೆ ಆ ಋಣದ ಮೊದಲ ಕಂತು ಸಂದಂತಾದೀತು.