ಆಡ್ತಾ ಕಲಿಯೋದು ಅಂದ್ರೆ ಏನು?

ಡನ್‌ಡಾಕ್‌ನಲ್ಲಿ ಓದುತ್ತಿರುವ ನಾವು ಕೆಲವರು ಸೇರಿ, ಇಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಶನಿವಾರ ಒಂದು ಗಂಟೆ ಕನ್ನಡ ಹೇಳಿಕೊಡೋಣ ಅಂತ ಹೊರಟಾಗ ನಮಗೆ ಗೊತ್ತಿದ್ದದ್ದು ಒಂದೇ ದಾರಿ. ಬೋರ್ಡ್ ಮೇಲೆ ಅ ಆ ಇ ಈ ಬರೆಯೋದು, ಹತ್ತು ಸಲ ತಿದ್ದಿಸೋದು. ನಾವೂ ಹಾಗೇ ಕಲಿತವರು ತಾನೆ? ಮೂರನೇ ವಾರ ಒಂಬತ್ತು ಮಕ್ಕಳಲ್ಲಿ ಬಂದವರು ನಾಲ್ಕೇ ಜನ. ಈ ಮಕ್ಕಳಿಗೆ ಕನ್ನಡ ಅರ್ಥ ಆಗತ್ತೆ, ಮನೇಲಿ ಅಷ್ಟಿಷ್ಟು ಮಾತೂ ಆಡ್ತಾರೆ. ಆದರೆ ಓದು ಬರಹ ಇಲ್ಲಿನ ಶಾಲೆಯಲ್ಲಿ ಸಿಗುವಂಥದ್ದಲ್ಲ. ಈ ಒಂದು ಗಂಟೆಯೂ ಕೈಬಿಟ್ಟರೆ ಕನ್ನಡ ಅಕ್ಷರದ ಕಥೆ ಅಲ್ಲಿಗೇ ಮುಗೀತು.

ಇದೇ ಮಕ್ಕಳು ವಾರವೆಲ್ಲ ಶಾಲೆಗೆ ಖುಷಿಯಾಗಿ ಹೋಗ್ತಾರಲ್ಲ, ಅಲ್ಲೇನು ನಡೆಯತ್ತೆ ಅಂತ ಆಮೇಲೆ ವಿಚಾರಿಸಿದೆವು. ಐರ್ಲೆಂಡ್‌ನಲ್ಲಿ ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ಕಲಿಕೆಗೆ 2009ರಲ್ಲಿ ‘ಆಶ್ತರ್’ ಎಂಬ ಚೌಕಟ್ಟು ಬಂತು. ಐರಿಷ್ ಭಾಷೆಯಲ್ಲಿ ಪಯಣ ಅಂತ ಅರ್ಥ. ಜೂನಿಯರ್ ಇನ್‌ಫೆಂಟ್ಸ್, ಅಂದರೆ ನಾಲ್ಕೈದು ವರ್ಷದವರ ತರಗತಿಯಲ್ಲಿ, ಒಂದು ಮೂಲೆ ಅಂಗಡಿಯಾದರೆ ಇನ್ನೊಂದು ಪೋಸ್ಟ್ ಆಫೀಸ್. ಹಲವು ಶಾಲೆಗಳಲ್ಲಿ ಆಟಕ್ಕೆ ಮೊದಲು ಯಾರು ಏನಾಗ್ತೀರಿ ಅಂತ ಮಕ್ಕಳೇ ಮಾತಾಡಿ ನಿರ್ಧರಿಸ್ತಾರೆ. ಮುಗಿದ ಮೇಲೆ ಏನಾಯ್ತು ಅಂತ ಹೇಳ್ತಾರೆ. ಅಂಗಡಿ ಆಟದಲ್ಲಿ ಎಣಿಕೆ ಇದೆ, ಚೌಕಾಸಿ ಇದೆ, ತನ್ನ ಸರದಿಗೆ ಕಾಯೋದಿದೆ. ಬೆಲೆ ಚೀಟಿ ಬರೆಯೋ ಮಗುವಿಗೆ ಬರೆಯೋದು ಯಾಕೆ ಅನ್ನೋದೂ ಗೊತ್ತಿರತ್ತೆ.

ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್ಸ್ಕಿ (1896–1934) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮಗು ಕೋಲನ್ನು ಕುದುರೆ ಮಾಡಿಕೊಂಡಾಗ ಒಂದು ವಸ್ತು ಇನ್ನೊಂದನ್ನು ಸೂಚಿಸಬಲ್ಲದು ಅನ್ನೋದನ್ನ ಅಭ್ಯಾಸ ಮಾಡ್ತಿರತ್ತೆ. ಅಕ್ಷರವೂ ಅದೇ ತಾನೆ, ಒಂದು ಗೆರೆ ಒಂದು ದನಿಯನ್ನು ಸೂಚಿಸೋದು. ಅವರ ಪ್ರಕಾರ ಆಟ, ಚಿತ್ರ, ಬರವಣಿಗೆ ಒಂದೇ ದಾರಿಯ ಹಂತಗಳು.

ನಾಚಿಕೆಯ ಮಾತೆಂದರೆ, ಇದೆಲ್ಲ ನಮ್ಮೂರಲ್ಲೇ ಇತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುಮಾಡಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಬೆಂಚಿಲ್ಲ, ನೆಲದ ಮೇಲೆ ಗುಂಪುಗಳು. ಕಲಿಕೆಯ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಹತ್ತತ್ತೆ, ಕಾರ್ಡ್ ತಾನೇ ಹುಡುಕಿ ತರತ್ತೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ್ದೆಲ್ಲ ನೇತಾಡತ್ತೆ. ನಮಗೆ ಬೆರಗು ತಂದದ್ದು ಅಕ್ಷರಗಳ ಕ್ರಮ. 49 ಅಕ್ಷರ ಮುಗಿಯೋವರೆಗೂ ಪದಕ್ಕೆ ಕಾಯಬೇಕಿಲ್ಲ. ಮೊದಲು ಬರೋದು ರ ಗ ಸ ದ ಅ. ಐದೇ ಅಕ್ಷರ, ಆದರೆ ಅರಸ, ಸರ, ದಸರ, ಗರಗಸ ಎಲ್ಲ ಅದರಲ್ಲೇ ಇವೆ!

ಮುಂದಿನ ಶನಿವಾರ ಆ ಐದು ಅಕ್ಷರಗಳನ್ನು ದೊಡ್ಡ ಕಾಗದದ ಮೇಲೆ ಬರೆದು ನೆಲಕ್ಕೆ ಅಂಟಿಸಿ ಕುಂಟೆಬಿಲ್ಲೆ ಆಡಿಸಿದೆವು. (ಹೊರಗೆ ಮಳೆ, ಹೇಳಬೇಕಿಲ್ಲ.) ಕುಪ್ಪಳಿಸಿದ ಅಕ್ಷರ ಕೂಗಬೇಕು, ಪದ ಆದರೆ ಪಾಯಿಂಟು. ಒಬ್ಬಳು ಗ, ದ, ಮತ್ತೆ ಗ ಮೇಲೆ ಹಾರಿ ನಿಂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು “ಅಕ್ಕಾ, ಇದು ನಮ್ಮಜ್ಜಿ ಊರು!” ಅಂತ ಕಿರುಚಿದಳು. ನಮ್ಮ ಪಟ್ಟಿಯಲ್ಲಿ ಗದಗ ಇರಲೇ ಇಲ್ಲ.

ಹಾಗಂತ ಆಟ ಸುಲಭ ಅಂದುಕೊಳ್ಳಬೇಡಿ. ತಿದ್ದಿಸೋಕೆ ಸೀಮೆಸುಣ್ಣ ಸಾಕು, ಆಟಕ್ಕೆ ಹಿಂದಿನ ರಾತ್ರಿ ಎರಡು ಗಂಟೆ ತಯಾರಿ ಬೇಕು. ನಲಿ-ಕಲಿಯಲ್ಲೂ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿದ್ದು ಟೀಚರ್ ಒಬ್ಬರೇ ಆದರೆ ಅವರ ಕೆಲಸ ಬರೀ ಕಾರ್ಡ್ ಹಂಚೋದಾಗಿಬಿಡಬಹುದು. ನಾವು ಮಾಡಿದ ಇನ್ನೊಂದು ತಪ್ಪು, ಆಟದ ನಿಯಮವನ್ನೆಲ್ಲ ನಾವೇ ಹಾಕಿದ್ದು. ಮಕ್ಕಳಿಗೆ ಆಯ್ಕೆಯೇ ಇಲ್ಲದಿದ್ದರೆ ಅದು ಆಟದ ವೇಷ ಹಾಕಿದ ಡ್ರಿಲ್, ಅವರಿಗದು ಥಟ್ಟನೆ ಗೊತ್ತಾಗತ್ತೆ. ಈಗ ನಿಯಮ ಅವರದೇ.

“ಆಟ ಆಡೋಕೆ ಇಷ್ಟು ದೂರ ಕರ್ಕೊಂಡ್ ಬರ್ಬೇಕಾ?” ಅಂತ ಒಬ್ಬ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರನ್ನೂ ಒಂದು ದಿನ ಕೂರಿಸಿಕೊಂಡೆವು. ಮಗ ಅಂಗಡಿಯವನು, ಅಪ್ಪ ಗಿರಾಕಿ, ಚೀಟಿ ಮಗ ಬರೆದದ್ದು. ಅಪ್ಪ ಈಗ ಪ್ರತಿ ವಾರ ಕೂರ್ತಾರೆ.

ಒಂಬತ್ತರಲ್ಲಿ ಏಳು ಜನ ವಾಪಸ್ ಬಂದಿದ್ದಾರೆ. ಗುಣಿತಾಕ್ಷರದವರೆಗೆ ತಲುಪಿದ್ದೇವೆ, ಒತ್ತಕ್ಷರಕ್ಕೆ ಮಾತ್ರ ಇನ್ನೂ ಒಂದೊಳ್ಳೆ ಆಟ ಸಿಕ್ಕಿಲ್ಲ. ಗೊತ್ತಿದ್ದವರು ಯಾವುದಾದರೂ ಶನಿವಾರ ಬನ್ನಿ.