ಹೊನ್ನಿನ ಹೊಳೆಗೆ ಹೊರಡುವ ಮುನ್ನ

ಅಡಿಗೆಮನೆಯಲ್ಲಿ ಅಕ್ಕಿ ಜಾಲಿಸುವ ತಾಯಿಯ ಕೈಚಳಕವನ್ನು ಕಾಣದವರಾರು? ನೀರು ತುಂಬಿದ ಪಾತ್ರೆಯನ್ನು ಕೊಂಚ ಓರೆಮಾಡಿ, ಮೆಲ್ಲಮೆಲ್ಲನೆ ಆಡಿಸುತ್ತ ಅಕ್ಕಿಯನ್ನು ಮತ್ತೊಂದು ಪಾತ್ರೆಗೆ ಜಾರಿಸಿದರೆ ಕಟ್ಟಕಡೆಗೆ ತಳದಲ್ಲಿ ನಿಲ್ಲುವುದು ಕಲ್ಲು. ಹಗುರವಾದುದು ನೀರಿನೊಡನೆ ಸಾಗುತ್ತದೆ. ಭಾರವಾದುದು ತಳ ಹಿಡಿಯುತ್ತದೆ. ಗೃಹಿಣಿ ತಳದಲ್ಲಿ ಉಳಿದುದನ್ನು ಎಸೆಯುತ್ತಾಳೆ. ಹೊಳೆಯ ದಡದಲ್ಲಿ ಅದೇ ವಿದ್ಯೆಯನ್ನು ಪ್ರಯೋಗಿಸುವ ಹೊನ್ನು ಜಾಲಿಸುವವನು ತಳದಲ್ಲಿ ಉಳಿದುದನ್ನೇ ಕಣ್ಣಿಗೊತ್ತಿಕೊಳ್ಳುತ್ತಾನೆ. ಭೇದ ಇಷ್ಟೇ.

ಕನ್ನಡನಾಡಿಗೆ ಈ ಕಸಬು ಅಪರಿಚಿತವಲ್ಲ. ಗದಗಿನ ಬಳಿಯ ಕಪ್ಪತಗುಡ್ಡದಿಂದಿಳಿಯುವ ಹಳ್ಳಗಳಲ್ಲಿ, ಮಳೆಯ ಹೊನಲು ಇಳಿದ ಮೇಲೆ, ಜಾಲಗಾರರು ಮರಳು ತೊಳೆದು ಹೊನ್ನಿನ ಹುಡಿಯನ್ನು ಆಯುತ್ತಿದ್ದ ಸಂಗತಿ ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. ಅವರಿಗೆ ಅದು ಹೊಟ್ಟೆಯ ಪಾಡು. ಆದರೆ ಅದೇ ಕೆಲಸವನ್ನು ಕೇವಲ ವಿನೋದಕ್ಕಾಗಿ ಮಾಡಲು ಜನ ದೂರದೂರದಿಂದ ಬರುವ ಒಂದು ಸೀಮೆಯಿದೆ. ಅದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಒಟಾಗೊ. ಮಗನನ್ನೋ ಮಗಳನ್ನೋ ನೋಡಲು ಆ ದೇಶಕ್ಕೆ ಹೋಗುವ ಸಂಸಾರಗಳು ನಮ್ಮಲ್ಲಿ ಇಂದು ಅಪರೂಪವಲ್ಲ. ಅಂಥವರು ಮೂರು ದಿನಗಳ ಬಿಡುವು ಮಾಡಿಕೊಂಡರೆ ಹೊನ್ನಿನ ಹೊಳೆಯ ಯಾತ್ರೆಯೊಂದನ್ನು ಪೂರೈಸಬಹುದು. ಆದರೆ ಯಾತ್ರೆಯ ದಾರಿಯನ್ನು ಗೊತ್ತುಮಾಡುವ ಮುನ್ನ ಒಬ್ಬ ಮನುಷ್ಯನ ಕತೆಯನ್ನು ತಿಳಿದಿರುವುದು ಒಳಿತು.

ಮೊದಲು ಕಂಡವನು

ಒಟಾಗೊದ ಹೊನ್ನಿನ ಚರಿತ್ರೆ ಸಾಮಾನ್ಯವಾಗಿ ಗೇಬ್ರಿಯಲ್ ರೀಡ್ ಎಂಬಾತನಿಂದ ಮೊದಲಾಗುತ್ತದೆ. 1861ರ ಮೇ ತಿಂಗಳಿನಲ್ಲಿ ಅವನಿಗೆ ಒಂದು ಕಣಿವೆಯಲ್ಲಿ ಹೇರಳವಾಗಿ ಹೊನ್ನು ದೊರೆಯಿತು. ಆ ವರ್ಷದ ಕ್ರಿಸ್‌ಮಸ್ಸಿನ ವೇಳೆಗೆ ಸುಮಾರು 14,000 ಮಂದಿ ಆ ಪ್ರದೇಶದಲ್ಲಿ ನೆರೆದಿದ್ದರು. ಕಣಿವೆಗೆ ರೀಡನ ಹೆಸರೇ ನಿಂತು, ಅದು ಇಂದಿಗೂ ಗೇಬ್ರಿಯಲ್ಸ್ ಗಲ್ಲಿ ಎನಿಸಿಕೊಂಡಿದೆ. ಪ್ರಾಂತೀಯ ಸರ್ಕಾರ ಅವನಿಗೆ 1,000 ಪೌಂಡುಗಳ ಬಹುಮಾನವನ್ನಿತ್ತಿತು.

ಆದರೆ ಅವನಿಗಿಂತ ಮೊದಲೇ, 1858ರ ಸುಮಾರಿಗೆ, ಆ ಸೀಮೆಯ ಗ್ಲೆನೋರ್ ಎಂಬಲ್ಲಿ ಹೊನ್ನನ್ನು ಕಂಡವನು ಭಾರತದಿಂದ ಹೋದ ಎಡ್ವರ್ಡ್ ಪೀಟರ್ಸ್. ಮುಂಬಯಿಯ ಕಡೆಯಿಂದ ಹಡಗಿನಲ್ಲಿ ಬಂದು ಅಲ್ಲಿಯ ಜಮೀನುಗಳಲ್ಲಿ ದುಡಿಯುತ್ತಿದ್ದ ಅವನನ್ನು ಜನ ಅವನ ಮೈಬಣ್ಣವನ್ನು ಹಿಡಿದು ‘ಕರಿ ಪೀಟರ್’ ಎಂದು ಕರೆಯುತ್ತಿದ್ದರು. ಅವನ ಶೋಧದ ಸುದ್ದಿಯ ಜಾಡು ಹಿಡಿದೇ ರೀಡ್ ಹೊರಟದ್ದು. ಕೀರ್ತಿಯೂ ಬಹುಮಾನವೂ ಹಿಂದಿನಿಂದ ಬಂದವನ ಪಾಲಾದುವು. ಮುಪ್ಪಿನಲ್ಲಿ ಕಷ್ಟಕ್ಕೆ ಸಿಕ್ಕಿದ ಪೀಟರ್ಸನಿಗೆ 1885ರಲ್ಲಿ ಸರ್ಕಾರ ನೀಡಿದ ನೆರವು 50 ಪೌಂಡು. 1893ರಲ್ಲಿ ಅವನು ತೀರಿಕೊಂಡ. ಆದುದರಿಂದ ಭಾರತೀಯರ ಯಾತ್ರೆ ಗ್ಲೆನೋರಿನಿಂದ ಮೊದಲಾಗುವುದು ನ್ಯಾಯ.

ದಾರಿ

ಸುದೈವದಿಂದ ಭೂಗೋಳವೂ ಈ ನ್ಯಾಯಕ್ಕೆ ಅನುಕೂಲವಾಗಿದೆ. ಡನೀಡಿನ್ ನಗರದಿಂದ ದಕ್ಷಿಣಕ್ಕೆ ಹೊರಟು, ಮಿಲ್ಟನ್ ಊರನ್ನು ದಾಟಿ ಒಳನಾಡಿನ ಕಡೆಗೆ ತಿರುಗಿದರೆ ಗ್ಲೆನೋರ್ ಸಿಕ್ಕುತ್ತದೆ. ಅದೇ ರಸ್ತೆಯಲ್ಲಿ ಮುಂದುವರಿದರೆ ಲಾರೆನ್ಸ್ ಎಂಬ ಸಣ್ಣ ಊರು. ಅದರ ಮಗ್ಗುಲಲ್ಲಿಯೇ ಗೇಬ್ರಿಯಲ್ಸ್ ಗಲ್ಲಿ. ಮೊದಲ ದಿನಕ್ಕೆ ಇಷ್ಟು ಸಾಕು. ಎರಡನೆಯ ದಿನ ಅಲೆಗ್ಸಾಂಡ್ರ, ಕ್ರಾಮ್‌ವೆಲ್ ಊರುಗಳ ಮೇಲೆ ಹಾದು ಅರೋಟೌನನ್ನು ಸೇರುವುದು. ಮೂರನೆಯ ದಿನವಿಡೀ ಅರೋ ಹೊಳೆಗೆ ಮೀಸಲು.

ಈ ಹೊಳೆಯಲ್ಲಿ 1862ರಲ್ಲಿ ಹೊನ್ನನ್ನು ಮೊದಲು ಕಂಡವನೆಂದು ಹೆಸರಾದವನು ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಜ್ಯಾಕ್ ಟೇವಾ ಎಂಬ ಮಾವೊರಿ. ಆದರೆ ಬೀಡಿಗೆ ಮೊದಮೊದಲು ಬಿದ್ದ ಹೆಸರು ವಿಲಿಯಂ ಫಾಕ್ಸ್ ಎಂಬ ಮತ್ತೊಬ್ಬನದು. ಅದೇ ವರ್ಷ ನೆರೆಯ ಶಾಟೋವರ್ ನದಿಯಲ್ಲಿ ಇಬ್ಬರು ಮಾವೊರಿಗಳು ಸೆಳವಿಗೆ ಸಿಕ್ಕಿದ ತಮ್ಮ ನಾಯಿಯನ್ನು ಉಳಿಸಲು ಹೋಗಿ, ಬಂಡೆಯ ಬಿರುಕುಗಳಲ್ಲಿ ಹೊನ್ನನ್ನು ಕಂಡರು. ಕತ್ತಲಾಗುವಷ್ಟರಲ್ಲಿ 300 ಔನ್ಸುಗಳಷ್ಟನ್ನು ಕೂಡಿಸಿದರೆಂದು ಪ್ರಸಿದ್ಧಿಯಿದೆ. ಬಿಳಿಯರು ತೊಳೆದು ಬಿಟ್ಟುಹೋದ ಮರಳನ್ನು ಮತ್ತೆ ತೊಳೆದು ಬದುಕಿದ ಚೀಣೀಯರ ಪುಟ್ಟ ಗುಡಿಸಲುಗಳನ್ನು ಅರೋಟೌನಿನ ಹೊಳೆಯ ದಡದಲ್ಲಿ ಇಂದಿಗೂ ನೋಡಬಹುದು. ಅವರನ್ನು ದುಡಿಮೆಗೆಂದು ಬರಮಾಡಿಕೊಂಡ ದೇಶವೇ 1881ರಲ್ಲಿ ಚೀಣೀಯರ ಮೇಲೆ ತಲೆಗಂದಾಯ ಹೊರಿಸಿತು. 2002ರಲ್ಲಿ ಅದಕ್ಕಾಗಿ ಸರ್ಕಾರ ಕ್ಷಮೆ ಬೇಡಿತು.

ಕಾಲ, ಕಾನೂನು, ಸಲಕರಣೆ

ನಮ್ಮ ಚಳಿಗಾಲ ಅಲ್ಲಿ ಬೇಸಿಗೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಗಲು ದೀರ್ಘ. ಅದಕ್ಕೆ ಮುಂಚೆ ಹಿಮ ಕರಗುವ ಕಾಲದಲ್ಲಿ ಹೊಳೆ ತುಂಬಿರುವುದುಂಟು. ಬೇಸಿಗೆಯಲ್ಲಿಯೂ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆಂಬುದನ್ನು ಮರೆಯಬಾರದು.

ಎಲ್ಲ ಹೊಳೆಯಲ್ಲಿಯೂ ಎಲ್ಲರೂ ಅಗೆಯುವಂತಿಲ್ಲ. ಸಾರ್ವಜನಿಕರ ವಿನೋದಕ್ಕೆಂದೇ ಸರ್ಕಾರ ಕೆಲವು ಎಡೆಗಳನ್ನು ಗುರುತುಮಾಡಿ ಬಿಟ್ಟಿದೆ. ಗೇಬ್ರಿಯಲ್ಸ್ ಗಲ್ಲಿಯಲ್ಲಿಯೂ ಅರೋ ಹೊಳೆಯಲ್ಲಿಯೂ ಅಂಥ ಎಡೆಗಳಿವೆ. ಅಲ್ಲಿ ಪರವಾನಗಿ ಬೇಡ. ದೊರೆತ ಹೊನ್ನು ದೊರೆತವರದೇ. ಆದರೆ ಕೈಯಿಂದ ಬಳಸುವ ಉಪಕರಣಗಳಿಗೆ ಮಾತ್ರ ಅವಕಾಶ, ಯಂತ್ರ ಸಲ್ಲದು. ಎಲ್ಲೆಗಳ ನಕಾಶೆಯನ್ನು ಅಲ್ಲಿನ ಸಂರಕ್ಷಣಾ ಇಲಾಖೆಯಿಂದ ಮೊದಲೇ ಪಡೆದುಕೊಳ್ಳಬೇಕು.

ಸಲಕರಣೆಗಳ ಪಟ್ಟಿ ಚಿಕ್ಕದು: ಅಗಲವಾದ ಜಾಲಿಸುವ ತಟ್ಟೆ, ಕೈಗುದ್ದಲಿ, ಸಣ್ಣ ಗಾಜಿನ ಸೀಸೆ, ರಬ್ಬರಿನ ಬೂಟು, ಒಣಗಿದ ಬಟ್ಟೆಯ ಇನ್ನೊಂದು ಜೊತೆ, ಬುತ್ತಿ. ತಟ್ಟೆ ಅರೋಟೌನಿನಲ್ಲಿಯೇ ಬಾಡಿಗೆಗೆ ಸಿಗುತ್ತದೆ. ಊರಿನಿಂದ ಬೂಟು ಒಯ್ಯುವವರು ಅದರ ಮಣ್ಣನ್ನು ಚೆನ್ನಾಗಿ ತೊಳೆದಿರಬೇಕು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಬಲು ಕಟ್ಟುನಿಟ್ಟು. ಒಂದು ಹೊಳೆಯಿಂದ ಮತ್ತೊಂದಕ್ಕೆ ಹೋಗುವಾಗಲೂ ತಟ್ಟೆಯನ್ನೂ ಬೂಟನ್ನೂ ತೊಳೆದು ಒಣಗಿಸಬೇಕು. ಇಲ್ಲವಾದರೆ ಹೊಳೆಗೆ ಕೇಡು ತರುವ ಪಾಚಿ ಅವುಗಳೊಡನೆ ಸಂಚರಿಸುತ್ತದೆ.

ಹೊಳೆಯ ಗುಟ್ಟು

ನೀರಿಗಿಂತ ಹೊನ್ನು ಹತ್ತೊಂಬತ್ತು ಪಟ್ಟಿಗೂ ಮಿಗಿಲಾಗಿ ಭಾರ. ಮರಳಿನ ಬೆಣಚುಕಲ್ಲು ಮೂರು ಪಟ್ಟೂ ಇಲ್ಲ. ಆದುದರಿಂದ ಪ್ರವಾಹದ ರಭಸ ಎಲ್ಲಿ ತಗ್ಗುವುದೋ ಅಲ್ಲಿ ಹೊನ್ನು ಮೊದಲು ಕೆಳಗಿಳಿಯುತ್ತದೆ. ಹೊಳೆಯ ತಿರುವಿನ ಒಳಬದಿ, ದೊಡ್ಡ ಬಂಡೆಯ ಮರೆ, ತಳದ ಕಲ್ಲಿನ ಬಿರುಕು ಇವೇ ಅದರ ವಿಶ್ರಾಂತಿಧಾಮಗಳು. ಅಲ್ಲಿಯ ಮಣ್ಣನ್ನು ತಟ್ಟೆಯಲ್ಲಿ ತುಂಬಿ, ನೀರಿನಲ್ಲಿ ಮುಳುಗಿಸಿ, ಅತ್ತಿತ್ತ ಅಲುಗಿಸಬೇಕು. ಕಲ್ಲುಗಳನ್ನು ಆಯ್ದು ಹಾಕಿ, ತಟ್ಟೆಯನ್ನು ಓರೆಮಾಡಿ, ಸ್ವಲ್ಪಸ್ವಲ್ಪವಾಗಿ ಮರಳನ್ನು ಹರಿಯಬಿಡಬೇಕು. ಅವಸರಕ್ಕೆ ಇಲ್ಲಿ ಎಡೆಯಿಲ್ಲ. ಕಡೆಗೆ ಕರಿಯ ಮರಳಿನ ತೆಳುವಾದ ಗೆರೆಯೊಂದು ಉಳಿಯುತ್ತದೆ. ಅದೃಷ್ಟವಿದ್ದರೆ ಅದರ ಅಂಚಿನಲ್ಲಿ ಒಂದೆರಡು ಹಳದಿಯ ಚುಕ್ಕೆ.

ಹೊಳೆಯುವುದೆಲ್ಲ ಹೊನ್ನಲ್ಲ. ಒಟಾಗೊದ ಕಲ್ಲಿನಲ್ಲಿ ಅಭ್ರಕ ಹೇರಳ. ಬಿಸಿಲಿನಲ್ಲಿ ಅದು ಹೊಸಬರನ್ನು ಕುಣಿಸಿಬಿಡುತ್ತದೆ. ತಟ್ಟೆಯನ್ನು ನೆರಳಿಗೆ ತಂದು ನೋಡಿದರೆ ಅಭ್ರಕದ ಮಿಂಚು ಅಡಗುತ್ತದೆ, ಹೊನ್ನಿನ ಬಣ್ಣ ಮಾಸುವುದಿಲ್ಲ. ಅಭ್ರಕ ನೀರಿನಲ್ಲಿ ತೇಲಾಡುತ್ತದೆ. ಹೊನ್ನು ಕುಳಿತಲ್ಲಿಂದ ಕದಲದು.

ಎಚ್ಚರಿಕೆಯ ಮಾತು

ಅರೋಟೌನಿನಿಂದ ಮೇಲಕ್ಕೆ ಮೇಸ್‌ಟೌನ್ ಎಂಬ ಪಾಳುಬಿದ್ದ ಗಣಿಯೂರಿಗೆ ದಾರಿಯಿದೆ. ಅದು ಹೊಳೆಯನ್ನು ಇಪ್ಪತ್ತಕ್ಕೂ ಹೆಚ್ಚು ಸಲ ದಾಟುತ್ತದೆ. ಮಕ್ಕಳನ್ನೂ ವೃದ್ಧರನ್ನೂ ಕಟ್ಟಿಕೊಂಡು, ಬಾಡಿಗೆಯ ಕಾರಿನಲ್ಲಿ ಆ ಸಾಹಸಕ್ಕೆ ಇಳಿಯತಕ್ಕದ್ದಲ್ಲ. ಮಲೆಯ ಮೇಲೆಲ್ಲೋ ಬಿದ್ದ ಮಳೆ ಕೆಳಗಿನ ಹೊಳೆಯನ್ನು ಬಹು ಬೇಗ ಉಕ್ಕಿಸಬಲ್ಲದು. 1863ರ ಜುಲೈ ತಿಂಗಳಿನ ಪ್ರವಾಹದಲ್ಲಿ ಈ ಕಣಿವೆಗಳಲ್ಲಿ ಅನೇಕರು ಕೊಚ್ಚಿಹೋದರು. ಹೊನ್ನಿನ ಆಸೆಯಿಂದ ನೀರಿನ ಅಂಚಿನಲ್ಲಿಯೇ ಬಿಡಾರ ಹೂಡಿದ್ದವರು ಅವರು. ನೀರು ಕದಡಿತೆಂದರೆ ದಡಕ್ಕೆ ಬರುವುದೇ ಜಾಣತನ. ಹೊರಡುವ ಮುನ್ನ ಹೋಗುವ ಸ್ಥಳವನ್ನೂ ಮರಳುವ ವೇಳೆಯನ್ನೂ ಬಿಡಾರದಲ್ಲಿ ತಿಳಿಸಿ ಹೋಗಬೇಕು.

ದಿನವೆಲ್ಲ ಬೆನ್ನು ಬಗ್ಗಿಸಿ ದುಡಿದರೂ ಗುಲಗಂಜಿ ತೂಕದ ಹೊನ್ನು ಸಿಕ್ಕಿದರೆ ಅದು ಸುದಿನ. ಮೂಗುಬೊಟ್ಟಿಗೂ ಸಾಲದ ಆ ಹುಡಿ ಪ್ರವಾಸದ ಖರ್ಚನ್ನು ತೀರಿಸಲಾರದು. ಆದರೆ ಸೀಸೆಯ ತಳದಲ್ಲಿ ಮಿನುಗುವ ಆ ಚುಕ್ಕೆಯನ್ನು ತಮ್ಮ ಕೈಯಿಂದಲೇ ಜಾಲಿಸಿ ತೆಗೆದ ಮಕ್ಕಳು ಅದನ್ನು ಬಹುಕಾಲ ಮರೆಯಲಾರರು.

ಗ್ಲೆನೋರಿನಲ್ಲಿ ಎಡ್ವರ್ಡ್ ಪೀಟರ್ಸನ ಸ್ಮಾರಕವಿದೆ. 2009ರಲ್ಲಿ ಅದನ್ನು ಅನಾವರಣ ಮಾಡಿದವರು ಆ ದೇಶದ ಗವರ್ನರ್ ಜನರಲ್ ಆನಂದ್ ಸತ್ಯಾನಂದ್. ಅವರೂ ಭಾರತೀಯ ಮೂಲದವರು. ಹೊಳೆ ಹೊನ್ನನ್ನು ತಳದಲ್ಲಿ ಅಡಗಿಸಿಟ್ಟು ಕಾಯುವಂತೆ, ಆ ಸೀಮೆಯ ಚರಿತ್ರೆ ಒಂದು ಹೆಸರನ್ನು ನೂರೈವತ್ತು ವರ್ಷ ತಳದಲ್ಲಿ ಇಟ್ಟುಕೊಂಡಿತ್ತು. ಹೊನ್ನಿನ ಹೊಳೆಗೆ ಹೊರಡುವವರು ದಾರಿಯಲ್ಲಿ ಐದು ನಿಮಿಷ ಅಲ್ಲಿ ನಿಂತು ಮುಂದೆ ಸಾಗಲಿ.