ಬೂತಾಯಿಗೆ ಗಾಳಿಯೇ ಪಂಚಾಂಗ

ಬೂತಾಯಿ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿ. ಕೆಂಪು ಕಿವಿರಿನ ಎದುರಿಗೆ ಕೂದಲೆಳೆಯಂಥ ಕಡ್ಡಿಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಬಾಯಿ ತೆರೆದು ಈಜಿದಾಗ ನೀರು ಆಚೆ ಹೋಗುತ್ತದೆ, ಬರಿಗಣ್ಣಿಗೆ ಕಾಣದ ಡಯಾಟಂ ಪಾಚಿ ಒಳಗೆ ಉಳಿಯುತ್ತದೆ. ಕುಂದಾಪುರದವರ ಬೈಗೆ, ಕಾರವಾರದವರ ತಾರ್ಲೆ ಇದೇ. ಸಮುದ್ರ ಹಸಿರಾದಲ್ಲಿ ಇದರ ಊಟ.

ಸಮುದ್ರವನ್ನು ಹಸಿರು ಮಾಡುವುದು ಮುಂಗಾರಿನ ಗಾಳಿ. ಕರಾವಳಿ ಮುಟ್ಟುವ ಹೊತ್ತಿಗೆ ಅದು ಕೊಂಚ ತಿರುಗಿ ವಾಯವ್ಯದಿಂದ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲ್ಪದರದ ನೀರು ಗಾಳಿಯ ಜೊತೆಗೇ ಸಾಗದೆ ಅದರ ಬಲಕ್ಕೆ, ಅಂದರೆ ದಡ ಬಿಟ್ಟು ಪಡುವಣಕ್ಕೆ, ಜರುಗುತ್ತದೆ. ಆ ಜಾಗ ತುಂಬಲು ಅಡಿಯ ತಣ್ಣೀರು ನೈಟ್ರೇಟ್, ಫಾಸ್ಫೇಟ್ ಹೊತ್ತು ಮೇಲೆ ಬರುತ್ತದೆ. ಬಿಸಿಲು ತಾಗಿದ್ದೇ ತಡ, ಡಯಾಟಂ ಹುಲುಸಾಗುತ್ತದೆ. ಬೂತಾಯಿ ಮೊಟ್ಟೆಯಿಡುವುದೂ ಮಳೆಗಾಲದಲ್ಲೇ. ಮರಿಗಳು ಬಾಯಿಬಿಡುವಾಗ ಊಟ ಸಿದ್ಧ.

ಆದರೆ ಅಡಿಯಿಂದ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥ ನೀರು ಅತಿಯಾದರೆ ಮೀನು ಮೇಲಿನ ತೆಳುಪದರಕ್ಕೆ ಒತ್ತಿಕೊಳ್ಳುತ್ತದೆ, ಇಲ್ಲವೇ ಜಾಗ ಬಿಡುತ್ತದೆ. ಗಾಳಿ ಸೋತ ವರ್ಷ ಊಟಕ್ಕೇ ಕೊರತೆ. ಎಂಜಿನ್ ಬೋಟುಗಳು ಬರುವ ಮೊದಲೇ, 1940ರ ದಶಕದಲ್ಲಿ, ಈ ಮೀನು ಪಶ್ಚಿಮ ಕರಾವಳಿಯಿಂದ ಹೆಚ್ಚುಕಡಿಮೆ ಕಾಣೆಯಾಗಿತ್ತು.

ಹಾಗೆಂದು ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟುವುದು ಸರಿಯಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ 3,300 ಟನ್ ಆಸುಪಾಸಿಗೆ ಕುಸಿಯಿತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ವಿದ್ಯಮಾನದ ಜೊತೆಗೆ ಅತಿಯಾದ ಮೀನುಗಾರಿಕೆಯತ್ತಲೂ ಬೆರಳು ತೋರಿದರು. ಸಣ್ಣ ಕಣ್ಣಿನ ಬಲೆಯಲ್ಲಿ ಬಂದ ಮರಿಗಳು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಕೇರಳದಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ಒಳ್ಳೆಯದೇ. ಆದರೆ ಬೂತಾಯಿ ಮೊಟ್ಟೆಯಿಡುವಷ್ಟು ಬಲಿಯುವುದು ಹದಿನೈದು ಸೆಂಟಿಮೀಟರಿನ ಸುಮಾರಿಗೆ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನೂ ಕಾನೂನಿನ ಪ್ರಕಾರವೇ ಹಿಡಿಯಬಹುದು ಎಂದಾಯಿತು.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಕಣ್ಣಿಂದ ನೀರಿನ ಬಿಸಿ, ಹಸಿರು ಅಳೆದು ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತದೆ. ಅಲೆದಾಟ ತಪ್ಪಿ ಡೀಸೆಲ್ ಉಳಿಯುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಮೇಲ್ಮೈ ಮಾತ್ರ. ಅಡಿಯ ಆಮ್ಲಜನಕವನ್ನು ನೀರಿಗಿಳಿಸಿದ ಉಪಕರಣವೇ ಅಳೆಯಬೇಕು. ನನ್ನ ತಕರಾರು ಬೇರೆ: ಮೀನು ಎಲ್ಲಿದೆ ಎಂದು ಹೇಳುವ ಈ ಅಳತೆಗಳೇ, ಈ ವರ್ಷ ಎಷ್ಟು ಮೀನನ್ನು ಹಿಡಿಯದೆ ಬಿಡಬೇಕು ಎಂಬುದಕ್ಕೂ ಆಧಾರವಾಗಬೇಡವೇ? ಈಗಿನ ಮೀನುಗಾರಿಕೆ ನಿಷೇಧ ನೋಡುವುದು ತಾರೀಖನ್ನಷ್ಟೇ: ಮಲ್ಪೆಯಲ್ಲಿ ಯಾಂತ್ರಿಕ ಬೋಟುಗಳು ಲಂಗರು ಹಾಕುವುದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಮುಂಗಾರು ಬೇಗ ಬಂದರೂ ತಡವಾದರೂ ಆಗಸ್ಟ್ 1ಕ್ಕೆ ಕಡಲು ತೆರೆಯುತ್ತದೆ.